ಟ್ಯಾಂಕ್ ಹೋಯ್ತು, ಕ್ಷಿಪಣಿ ಬಂತು, ಜಾಗ ಯಾರದ್ದು?

2020ರಲ್ಲಿ ಶುರುವಾದ ಒಂದು ಜಗಳ ಅಮೆರಿಕದಲ್ಲಿ ಇನ್ನೂ ತಣ್ಣಗಾಗಿಲ್ಲ. ಜಗಳಕ್ಕೆ ನಿಂತವರು ರಾಜಕಾರಣಿಗಳಲ್ಲ, ಜನರಲ್‌ಗಳು. ಅಮೆರಿಕದ ಮರೀನ್ ಪಡೆ ತನ್ನಲ್ಲಿದ್ದ ಟ್ಯಾಂಕುಗಳನ್ನೆಲ್ಲ ಬಿಟ್ಟುಕೊಟ್ಟು, ಉಳಿದ ದುಡ್ಡನ್ನು ಹಡಗು ಹೊಡೆಯುವ ಕ್ಷಿಪಣಿಗಳಿಗೆ ಸುರಿದದ್ದು ಸರಿಯೋ ತಪ್ಪೋ ಎಂಬುದು ತಕರಾರು. ಎರಡೂ ಕಡೆಯವರ ವಾದಗಳನ್ನು ಕೂತು ಓದಿದೆ. ಟ್ಯಾಂಕಿನ ತೂಕ, ಕ್ಷಿಪಣಿ ಹೋಗುವ ದೂರ, ಸೈನಿಕರ ಸಂಖ್ಯೆ, ಡಾಲರ್ ಲೆಕ್ಕ ಎಲ್ಲವೂ ಅಲ್ಲಿದೆ. ಆದರೆ ಆ ಕ್ಷಿಪಣಿ ತಂದು ನಿಲ್ಲಿಸುವ ನೆಲದ ಜನರ ಮಾತಿಗೆ ಬಂದಾಗ ಇಬ್ಬರೂ ಮೌನ. ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ಕೂತು ಸುದ್ದಿ ಬರೆಯಲು ಕಲಿತ ನಮ್ಮಂಥವರಿಗೆ ಮೊದಲು ಬರುವ ಪ್ರಶ್ನೆಯೇ ಅದು: ಪಹಣಿ ಯಾರ ಹೆಸರಲ್ಲಿದೆ ಸ್ವಾಮಿ?

ಮೊದಲು ನಡೆದದ್ದೇನು ನೋಡೋಣ. 2019ರ ಜುಲೈನಲ್ಲಿ ಜನರಲ್ ಡೇವಿಡ್ ಬರ್ಗರ್ ಮರೀನ್ ಪಡೆಯ ಮುಖ್ಯಸ್ಥರಾದರು. 2020ರ ಮಾರ್ಚ್‌ನಲ್ಲಿ ‘ಫೋರ್ಸ್ ಡಿಸೈನ್ 2030’ ಎಂಬ ಯೋಜನೆ ಹೊರಬಂತು. ಮೂರು ಟ್ಯಾಂಕ್ ಬೆಟಾಲಿಯನ್‌ಗಳೂ ರದ್ದು. ಸೇತುವೆ ಕಟ್ಟುವ ತುಕಡಿಗಳು ರದ್ದು. ಫಿರಂಗಿ ಬ್ಯಾಟರಿಗಳು 21ರಿಂದ 5ಕ್ಕೆ ಇಳಿಯಬೇಕು. ರಾಕೆಟ್ ಮತ್ತು ಕ್ಷಿಪಣಿ ಬ್ಯಾಟರಿಗಳು 7ರಿಂದ 21ಕ್ಕೆ ಏರಬೇಕು. ಕಾಲಾಳು ಬೆಟಾಲಿಯನ್‌ಗಳು 24ರಿಂದ 21ಕ್ಕೆ. 2030ರೊಳಗೆ ಒಟ್ಟು 12 ಸಾವಿರ ಸೈನಿಕರು ಕಡಿಮೆ. ಫಿರಂಗಿಯ ಲೆಕ್ಕವನ್ನು ಆಮೇಲೆ ತುಸು ಸಡಿಲಿಸಿ 7 ಮಾಡಿದರು. ಟ್ಯಾಂಕ್ ಮಾತ್ರ ವಾಪಸ್ ಬರಲಿಲ್ಲ. 400ಕ್ಕೂ ಹೆಚ್ಚು ಏಬ್ರಮ್ಸ್ ಟ್ಯಾಂಕುಗಳು ಭೂಸೇನೆಯ ಪಾಲಾದವು.

ಬರ್ಗರ್ ಹುಚ್ಚರಲ್ಲ. ಅವರ ತರ್ಕ ಸರಳ. ಇನ್ನು ಎದುರಾಳಿ ಇರಾಕಿನ ಮರಳುಗಾಡಿನಲ್ಲಿಲ್ಲ, ಚೀನಾದ ರೂಪದಲ್ಲಿ ಪೆಸಿಫಿಕ್ ಸಮುದ್ರದಲ್ಲಿದ್ದಾನೆ. ಅಲ್ಲಿರುವುದು ನೀರು, ನಡುನಡುವೆ ದ್ವೀಪ. 60 ಟನ್ನಿಗೂ ಮೀರಿದ ಟ್ಯಾಂಕನ್ನು ಹಡಗಿಗೆ ಹತ್ತಿಸಿ, ಇಳಿಸಿ, ಅದಕ್ಕೆ ಡೀಸೆಲ್ ಕುಡಿಸಿ, ಸಣ್ಣ ದ್ವೀಪದ ಸಣ್ಣ ಸೇತುವೆ ದಾಟಿಸಿ ಮಾಡುವುದೇನು? ಅದರ ಬದಲು ನೂರೈವತ್ತು ಇನ್ನೂರು ಕಿಲೋಮೀಟರ್ ದೂರದ ಹಡಗನ್ನು ಮುಳುಗಿಸಬಲ್ಲ ಕ್ಷಿಪಣಿಯಿದ್ದರೆ ಸಣ್ಣ ತಂಡವೊಂದು ಇಡೀ ಜಲಸಂಧಿಗೆ ಬೀಗ ಜಡಿಯಬಹುದು. ಟ್ಯಾಂಕ್ ಬೇಕಾದಾಗ ಭೂಸೇನೆಯ ಬಳಿ ಇದ್ದೇ ಇದೆ.

ಎದುರು ನಿಂತವರೂ ಸಾಮಾನ್ಯರಲ್ಲ. ಮರೀನ್ ಪಡೆಯ ಮಾಜಿ ಮುಖ್ಯಸ್ಥ ಚಾರ್ಲ್ಸ್ ಕ್ರುಲಾಕ್, ಮಧ್ಯಪ್ರಾಚ್ಯದ ಅಮೆರಿಕನ್ ಸೇನೆಗಳ ದಂಡನಾಯಕರಾಗಿದ್ದ ಆಂಥೊನಿ ಜಿನ್ನಿ, ವಿಯೆಟ್ನಾಮಿನಲ್ಲಿ ಹೋರಾಡಿ ಮುಂದೆ ಸೆನೆಟರ್ ಆದ ಜಿಮ್ ವೆಬ್, ಇವರ ಜೊತೆಗೆ ನಿವೃತ್ತ ಜನರಲ್‌ಗಳ ದೊಡ್ಡ ಗುಂಪು. 2022ರ ವಸಂತದಲ್ಲಿ ಇವರು ಪತ್ರಿಕೆಗಳಿಗೇ ಇಳಿದರು. 1968ರ ಹ್ಯೂ ನಗರದಲ್ಲಿ, 2004ರ ಫಲೂಜಾದಲ್ಲಿ ಬೀದಿಬೀದಿ ಹೋರಾಟದಲ್ಲಿ ಮರೀನರ ಜೀವ ಉಳಿಸಿದ್ದು ಪಕ್ಕದಲ್ಲಿದ್ದ ಟ್ಯಾಂಕ್ ಎಂಬುದು ಅವರ ಮಾತು. ಮುಂದಿನ ಯುದ್ಧ ಚೀನಾದ ಜೊತೆಗೇ ನಡೆಯುತ್ತದೆ ಎಂದು ಬರೆದುಕೊಟ್ಟವರು ಯಾರು? ಎಲ್ಲಿ ಬೆಂಕಿ ಬಿದ್ದರೂ ಮೊದಲು ಓಡಬೇಕಾದ ಪಡೆ ಒಂದೇ ಊರಿನ ಬೆಂಕಿಗೆ ತಯಾರಾಗಿ ಕೂತರೆ ಹೇಗೆ?

ಅದೇ ಹೊತ್ತಿಗೆ ಉಕ್ರೇನ್ ಯುದ್ಧ ಶುರುವಾಗಿತ್ತು. ಒಂದೇ ಯುದ್ಧ ಇಬ್ಬರಿಗೂ ಸಾಕ್ಷಿ ಹೇಳಿತು. ಹೇಳಿಕೊಳ್ಳುವಂಥ ನೌಕಾಪಡೆಯೇ ಇಲ್ಲದ ಉಕ್ರೇನ್, 2022ರ ಏಪ್ರಿಲ್‌ನಲ್ಲಿ ದಡದಿಂದ ಬಿಟ್ಟ ಕ್ಷಿಪಣಿಗಳಿಂದ ರಷ್ಯಾದ ‘ಮಾಸ್ಕ್ವಾ’ ಯುದ್ಧನೌಕೆಯನ್ನು ಮುಳುಗಿಸಿತು. ನೋಡಿ, ನಾವು ಹೇಳಿದ್ದೇ ಅದು ಎಂದರು ಬರ್ಗರ್ ಪರವಾದವರು. ಅತ್ತ ನೆಲದ ಮೇಲೆ ಫಿರಂಗಿಯಿಲ್ಲದೆ ಒಂದು ದಿನ ಕಳೆಯುವಂತಿರಲಿಲ್ಲ, ಉಕ್ರೇನ್ ಟ್ಯಾಂಕ್ ಕೊಡಿ ಟ್ಯಾಂಕ್ ಕೊಡಿ ಎಂದು ಬೇಡುತ್ತಿತ್ತು. ನೋಡಿ, ನಾವು ಹೇಳಿದ್ದೂ ಅದೇ ಎಂದರು ವಿರೋಧಿಗಳು. ಅಮೆರಿಕ ಕೊಟ್ಟ 31 ಏಬ್ರಮ್ಸ್ ಟ್ಯಾಂಕುಗಳನ್ನು 2024ರ ಹೊತ್ತಿಗೆ ಡ್ರೋನ್‌ಗಳಿಗೆ ಹೆದರಿ ಮುಂಚೂಣಿಯಿಂದ ಹಿಂದೆ ಸರಿಸಬೇಕಾಯಿತು. ಮತ್ತೆ ಮೊದಲಿನವರ ದನಿ ಏರಿತು. ಈ ಆಟ ಹೀಗೇ ಸಾಗಿದೆ.

ಯಾರು ಗೆದ್ದರು ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಟ್ಯಾಂಕಿನ ವಿಷಯದಲ್ಲಿ ಬರ್ಗರ್ ಹೇಳಿದ್ದರಲ್ಲಿ ಹುರುಳಿದೆ ಎಂದೇ ನನಗನಿಸುತ್ತದೆ. ನನ್ನ ತಕರಾರು ಇಬ್ಬರ ಮೇಲೂ ಇದೆ. ಇಬ್ಬರೂ ಇದನ್ನು ಒಂದು ಆಯುಧದ ಬದಲು ಇನ್ನೊಂದು ಆಯುಧ ಎಂದು ನೋಡುತ್ತಿದ್ದಾರೆ, ಹಳೇ ಎತ್ತು ಮಾರಿ ಟಿಲ್ಲರ್ ತಂದ ಹಾಗೆ. ಇಲ್ಲಿ ಬದಲಾಗಿರುವುದು ಅಪಾಯ ಹೊರುವ ಹೆಗಲು.

ಟ್ಯಾಂಕ್ ಸಾಧು ಪ್ರಾಣಿ ಎಂದು ನಾನು ಹೇಳುತ್ತಿಲ್ಲ. ಹ್ಯೂ, ಫಲೂಜಾ ಎರಡೂ ಊರು ಏನಾದವೆಂದು ಜಗತ್ತಿಗೆ ಗೊತ್ತು. ಆದರೆ ಟ್ಯಾಂಕ್ ಯುದ್ಧದ ಜೊತೆಗೆ ಬರುತ್ತದೆ. ಹಡಗಿನಲ್ಲಿ ಬಂದು, ಇಳಿದು, ಕಾದಾಡಿ, ಮತ್ತೆ ಹಡಗು ಹತ್ತುತ್ತದೆ. ಬರ್ಗರ್ ಅವರ ಕ್ಷಿಪಣಿಗೆ ಅದು ಸಾಲದು. ಯುದ್ಧ ಶುರುವಾದ ಮೇಲೆ ಬಂದರೆ ಅದರಿಂದ ಉಪಯೋಗವಿಲ್ಲ. ಅದು ಯುದ್ಧಕ್ಕೆ ಮೊದಲೇ ಬಂದು ಶತ್ರುವಿನ ಆಯುಧ ತಲುಪುವ ದೂರದೊಳಗೇ ಕೂರಬೇಕು. ಇದು ನನ್ನ ಕುಹಕವಲ್ಲ. 2021ರ ಕೊನೆಗೆ ಮರೀನ್ ಪಡೆಯೇ ಪ್ರಕಟಿಸಿದ ‘ಸ್ಟ್ಯಾಂಡ್ ಇನ್ ಫೋರ್ಸಸ್’ ಸಿದ್ಧಾಂತದ ತಿರುಳೇ ಇದು. ಸಣ್ಣ ಸಣ್ಣ ತಂಡ, ದ್ವೀಪದಿಂದ ದ್ವೀಪಕ್ಕೆ ಜಾಗ ಬದಲಿಸುತ್ತ, ಕಣ್ಣಿಗೆ ಬೀಳದಂತೆ ಇರಬೇಕು.

ಕಣ್ಣಿಗೆ ಬೀಳದಂತೆ ಎಲ್ಲಿರುವುದು? ದ್ವೀಪವೆಂದರೆ ನಕ್ಷೆಯ ಮೇಲಿನ ಹಸಿರು ಚುಕ್ಕೆಯಲ್ಲ. ಅಲ್ಲಿ ಒಂದು ರಸ್ತೆ, ಒಂದು ಬಂದರು, ಒಂದು ಪೆಟ್ರೋಲ್ ಬಂಕ್, ಒಂದು ಆಸ್ಪತ್ರೆ ಇರುತ್ತದೆ. ಸೈನ್ಯಕ್ಕೂ ಅದೇ ರಸ್ತೆ, ಅದೇ ಬಂದರು. ಅಡಗಿದವನನ್ನು ಹುಡುಕುವ ಶತ್ರು ಇಡೀ ಊರನ್ನೇ ಹುಡುಕುತ್ತಾನೆ.

ಈಗ ಆ ಕ್ಷಿಪಣಿಯ ಗಾಡಿಯನ್ನೇ ನೋಡಿ. ‘ನೆಮೆಸಿಸ್’ ಅದರ ಹೆಸರು. ಪುಟ್ಟ ಲಾರಿಯಂಥ ವಾಹನ, ಬೆನ್ನ ಮೇಲೆ ನಾರ್ವೆಯಲ್ಲಿ ರೂಪುಗೊಂಡ ಎರಡು ಕ್ಷಿಪಣಿ. ಹೊಡೆತ ಸುಮಾರು 185 ಕಿಲೋಮೀಟರ್, ಬೆಂಗಳೂರಿನಿಂದ ಹಾಸನಕ್ಕಿರುವಷ್ಟು ದೂರ. ಇದರ ವಿಶೇಷವೆಂದರೆ ಚಾಲಕ ಕೂರುವ ಜಾಗವೇ ಇಲ್ಲ. ದೂರದಿಂದ ಓಡಿಸುತ್ತಾರೆ. ಶತ್ರು ಹೊಡೆದರೆ ಸೈನಿಕ ಸಾಯಬಾರದು ಎಂಬ ಕಾಳಜಿ, ಒಳ್ಳೆಯದೇ. ಗಾಡಿಯೊಳಗೆ ಮನುಷ್ಯನಿಲ್ಲ. ಗಾಡಿ ನಿಂತ ರಸ್ತೆಯ ಬದಿಯ ಮನೆಗಳಲ್ಲಿ ಇದ್ದಾರೆ.

2025ರ ಏಪ್ರಿಲ್‌ನಲ್ಲಿ ಫಿಲಿಪ್ಪೀನ್ಸ್ ಜೊತೆಗಿನ ಜಂಟಿ ಕವಾಯತಿಗೆ ಈ ಗಾಡಿಯನ್ನು ಬತಾನೆಸ್ ದ್ವೀಪಗಳಿಗೆ ತಂದರು. ಕ್ಷಿಪಣಿ ಹಾರಿಸಲಿಲ್ಲ, ತಂದು ನಿಲ್ಲಿಸಿದರು. ಬತಾನೆಸ್ ಆ ದೇಶದ ಉತ್ತರದ ತುತ್ತತುದಿ. ಅಲ್ಲಿಂದ ತೈವಾನಿಗೆ 200 ಕಿಲೋಮೀಟರ್ ಕೂಡ ಇಲ್ಲ. 19 ಸಾವಿರಕ್ಕಿಂತ ಕಡಿಮೆ ಜನ. ಬೆಳ್ಳುಳ್ಳಿ, ಗೆಣಸು ಬೆಳೆಯುತ್ತಾರೆ, ದನ ಸಾಕುತ್ತಾರೆ, ಮೀನು ಹಿಡಿಯುತ್ತಾರೆ. ಚಂಡಮಾರುತ ತಡೆಯಲು ದಪ್ಪ ಕಲ್ಲುಗೋಡೆಯ ಮನೆ ಕಟ್ಟಿಕೊಂಡ ಜನ ಅವರು. ಆ ಗೋಡೆ ಗಾಳಿಗೆ ಕಟ್ಟಿದ್ದು, ಕ್ಷಿಪಣಿಗಲ್ಲ.

ಜಪಾನಿನ ಇಶಿಗಾಕಿ ದ್ವೀಪದ ಕಥೆ ಇನ್ನೂ ಕಹಿ. ಅಲ್ಲಿ ಜಪಾನಿನದ್ದೇ ಸೇನೆ ಕ್ಷಿಪಣಿ ನೆಲೆ ಕಟ್ಟುತ್ತೇನೆ ಎಂದಾಗ, ಜನಮತ ಕೇಳಿ ಎಂದು 2018ರಲ್ಲಿ 14 ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದರು. ಊರಿನ ಮತದಾರರಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು. ಜನಮತ ನಡೆಯಲೇ ಇಲ್ಲ. 2023ರ ಮಾರ್ಚ್‌ನಲ್ಲಿ ನೆಲೆ ತೆರೆಯಿತು. 2025ರ ಸೆಪ್ಟೆಂಬರ್‌ನ ಕವಾಯತಿನಲ್ಲಿ ಅಮೆರಿಕದ ನೆಮೆಸಿಸ್ ಕೂಡ ಅಲ್ಲಿಗೆ ಬಂತು.

ಅದೇ ವರ್ಷದ ಮಾರ್ಚ್‌ನಲ್ಲಿ ಜಪಾನ್ ಸರ್ಕಾರ ಇನ್ನೊಂದು ಯೋಜನೆ ಮುಂದಿಟ್ಟಿತ್ತು. ಯುದ್ಧದ ಸೂಚನೆ ಕಂಡರೆ ಇಶಿಗಾಕಿ ಮತ್ತು ಸುತ್ತಲಿನ ದ್ವೀಪಗಳಿಂದ ಪ್ರವಾಸಿಗರೂ ಸೇರಿ ಸುಮಾರು 1 ಲಕ್ಷ 20 ಸಾವಿರ ಜನರನ್ನು ಆರು ದಿನಗಳಲ್ಲಿ ಹಡಗು, ವಿಮಾನಗಳಲ್ಲಿ ಕ್ಯೂಶೂ ಕಡೆಗೆ ಸಾಗಿಸುವ ಯೋಜನೆ. ಗಮನಿಸಿ. ಕ್ಷಿಪಣಿ ನಿಮ್ಮ ರಕ್ಷಣೆಗೆ ಎಂದವರೇ, ಕ್ಷಿಪಣಿಗೆ ಕೆಲಸ ಬರುವ ಹೊತ್ತಿಗೆ ನೀವು ಇಲ್ಲಿರಬೇಡಿ ಎಂದೂ ಹೇಳುತ್ತಿದ್ದಾರೆ. ಇಶಿಗಾಕಿ ಕಬ್ಬು ಬೆಳೆಯುವ ಊರು, ದನಗಳಿಗೆ ಹೆಸರಾದ ಊರು. ಜನ ಆರು ದಿನದಲ್ಲಿ ಹಡಗು ಹತ್ತಬಹುದು. ದನ?

ಈ ಪ್ರಶ್ನೆ ತಮಾಷೆಯದ್ದಲ್ಲ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. 2019ರ ಕೃಷ್ಣಾ ನೆರೆಯಲ್ಲಿ ಸುದ್ದಿಗೆಂದು ಹೋದಾಗ ಅಜ್ಜಿಯೊಬ್ಬರು ದೋಣಿ ಹತ್ತಲು ಒಪ್ಪಲೇ ಇಲ್ಲ. ‘ಎಮ್ಮಿ ಬಿಟ್ಟ ನಾ ಒಬ್ಬಾಕಿ ಬಂದು ಏನ್ ಮಾಡ್ಲಿ ತಮ್ಮಾ’ ಎಂದು ಅಲ್ಲೇ ಕೂತರು. ಮನುಷ್ಯರನ್ನು ಸಾಗಿಸಿದರೆ ಊರನ್ನು ಸಾಗಿಸಿದಂತಾಗುವುದಿಲ್ಲ. ನೀರು ಇಳಿದ ಮೇಲೆ ಹಿಂತಿರುಗಲು ಅವರಿಗೆ ಕನಿಷ್ಠ ನೆಲವಾದರೂ ಉಳಿದಿತ್ತು.

ಇಲ್ಲೊಂದು ನ್ಯಾಯವಾದ ಪ್ರಶ್ನೆಯಿದೆ. ಚೀನಾ ಸುಮ್ಮನಿದೆಯೇ? ದಕ್ಷಿಣ ಚೀನಾ ಸಮುದ್ರದಲ್ಲಿ ಫಿಲಿಪ್ಪೀನ್ಸ್ ಮೀನುಗಾರರ ದೋಣಿಗಳ ಮೇಲೆ ಜಲಫಿರಂಗಿ ಬಿಡುವುದು ಯಾರು? ಖಂಡಿತ ಚೀನಾವೇ. 2016ರ ಅಂತರರಾಷ್ಟ್ರೀಯ ನ್ಯಾಯಮಂಡಳಿಯ ತೀರ್ಪನ್ನು ಕಸದ ಬುಟ್ಟಿಗೆ ಹಾಕಿದ್ದೂ ಅದೇ. ಕ್ಷಿಪಣಿ ಇದ್ದರೆ ಭಯವಾದರೂ ಇರುತ್ತದೆ ಎನ್ನುವ ಬತಾನೆಸ್‌ನ ಮೀನುಗಾರನನ್ನು ಮೂರ್ಖ ಎನ್ನಲು ನಾನ್ಯಾರು? ಅವನು ಹಾಗೆ ಹೇಳಲಿ. ಆದರೆ ಅವನ ಬಾಯಿಂದಲೇ ಬರಲಿ. ಪಕ್ಕದ ಕಗಯಾನ್ ಪ್ರಾಂತ್ಯದಲ್ಲಿ 2023ರಲ್ಲಿ ಅಮೆರಿಕನ್ ಸೈನ್ಯಕ್ಕೆ ಎರಡು ನೆಲೆ ತೆರೆದಾಗ ಅಲ್ಲಿನ ಗವರ್ನರ್ ಮ್ಯಾನುಯೆಲ್ ಮಾಂಬಾ ಬಹಿರಂಗವಾಗಿ ವಿರೋಧಿಸಿದರು. ತೀರ್ಮಾನ ರಾಜಧಾನಿಯಲ್ಲಿ ಆಗಿತ್ತು, ಅದೇ ಉಳಿಯಿತು.

ಬರ್ಗರ್ ವಿರೋಧಿಗಳು ‘ಆ ದೇಶಗಳು ಒಳಗೆ ಬಿಟ್ಟುಕೊಳ್ಳದಿದ್ದರೆ ಏನು ಮಾಡುತ್ತೀರಿ?’ ಎಂದು ಕೇಳಿದ್ದುಂಟು. ಆದರೆ ಅವರಿಗೆ ಅದು ಯೋಜನೆಯ ದಾರಿಗೆ ಅಡ್ಡ ಬಂದ ಕಲ್ಲು, ಅಷ್ಟೆ. ಒಳಗೆ ಬಿಟ್ಟುಕೊಂಡ ಮೇಲೆ ಊರಿಗೆ ಏನಾಗುತ್ತದೆ ಎಂದು ಅವರೂ ಕೇಳಲಿಲ್ಲ.

ಇದು ದೂರದ ಊರಿನ ಸಂತೆ, ನಮಗೇನು ಎನ್ನುವಿರಾ? ಫಿಲಿಪ್ಪೀನ್ಸಿನ ಮರೀನ್ ಪಡೆಯ ಕೈಯಲ್ಲಿರುವ ಬ್ರಹ್ಮೋಸ್ ಹೋದದ್ದು ನಮ್ಮಿಂದಲೇ. 2022ರ ಜನವರಿಯಲ್ಲಿ ಸುಮಾರು 37.5 ಕೋಟಿ ಡಾಲರ್‌ನ ಒಪ್ಪಂದ, 2024ರ ಏಪ್ರಿಲ್‌ನಲ್ಲಿ ಮೊದಲ ಕಂತು. ನಮ್ಮ ಚಾನೆಲ್‌ಗಳು ಅದನ್ನು ಕ್ರಿಕೆಟ್ ಗೆದ್ದಂತೆ ತೋರಿಸಿದವು. ಮಾರಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಅದು ಯಾವ ದಡದಲ್ಲಿ ನಿಲ್ಲುತ್ತದೆ, ಆ ದಡದಲ್ಲಿ ಯಾರ ದೋಣಿಯಿದೆ ಎಂದು ಒಂದು ಚಾನೆಲ್ಲಾದರೂ ಕೇಳಬೇಕಿತ್ತು.

ಟ್ಯಾಂಕೋ ಕ್ಷಿಪಣಿಯೋ ಎಂಬುದನ್ನು ಜನರಲ್‌ಗಳು ಜಗಳಾಡಿ ತೀರ್ಮಾನಿಸಲಿ, ಅದು ಅವರ ಕಸುಬು. ಯಾರ ಅಂಗಳದಲ್ಲಿ ಎಂಬುದು ಅವರೊಬ್ಬರ ತೀರ್ಮಾನವಲ್ಲ. ಕ್ಷಿಪಣಿ ತರುವ ಮೊದಲು ಊರಿನವರನ್ನು ಕೂರಿಸಿ ಕೇಳಿ. ಎಲ್ಲಿಗೆ ಹೋಗಬೇಕು, ಯಾವಾಗ ವಾಪಸ್ ಬರುತ್ತೇವೆ, ಬೆಳೆಗೆ ಏನು, ದನಕ್ಕೆ ಏನು, ಮನೆ ಬಿದ್ದರೆ ಕಟ್ಟಿಕೊಡುವವರು ಯಾರು ಎಂದು ಬರೆದುಕೊಡಿ. ಒಂದು ಕೆರೆ ಹೂಳೆತ್ತಲು ಕೂಡ ನಮ್ಮಲ್ಲಿ ಗ್ರಾಮಸಭೆಯ ಠರಾವು ಕೇಳುತ್ತಾರೆ. ಊರನ್ನೇ ಗುರಿ ಹಲಗೆ ಮಾಡುವಾಗ ಅಷ್ಟೂ ಕೇಳಬಾರದೇ?