ಗಾಯ ಕಟ್ಟಿದ ಕೈಗಳು ಅರ್ಜಿ ಬರೆಯಬೇಕೆ?



ಸೇವೆ ಮಾಡಿದವನು ಮನ್ನಣೆಯನ್ನು ಕೇಳಬಾರದೆಂಬ ಮಾತು ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಬಲಗೈ ಮಾಡಿದ ದಾನ ಎಡಗೈಗೆ ತಿಳಿಯದಿರಲೆಂದು ಯೇಸುಸ್ವಾಮಿ ಕಲಿಸಿದ್ದನ್ನು ಅದಕ್ಕೆ ಆಧಾರವಾಗಿಯೂ ತೋರಿಸುತ್ತೇವೆ. ಬೋಧನೆಯಲ್ಲಿ ಲೋಪವಿಲ್ಲ. ಆದರೆ ಅದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನೂ ಗಮನಿಸಬೇಕಲ್ಲವೇ? ಸೇವೆ ಮಾಡಿದವನು ತನಗೆ ತಾನೇ ಹೇಳಿಕೊಂಡರೆ ಅದು ವಿನಯ. ಅವನ ಸೇವೆಯನ್ನು ಉಂಡವನು ಅದೇ ಮಾತನ್ನು ಅವನಿಗೆ ಉಪದೇಶಿಸಿದರೆ ಅದು ಕೃತಘ್ನತೆ. ಈ ಎರಡನ್ನೂ ಒಂದೆಂದು ಭಾವಿಸಿರುವುದರಿಂದಲೇ ಎಷ್ಟೋ ಅನ್ಯಾಯಗಳು ಧರ್ಮದ ಉಡುಪು ತೊಟ್ಟು ನಮ್ಮ ನಡುವೆ ನಿರಾತಂಕವಾಗಿ ಓಡಾಡುತ್ತಿವೆ.

ಇದಕ್ಕೆ ದೂರದೇಶದ ನಿದರ್ಶನವೊಂದನ್ನು ನಿಮ್ಮ ಮುಂದಿಡುತ್ತೇನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಅಮೆರಿಕದ ಭೂಸೇನೆಯು ತನ್ನ ಪದಾತಿ ಯೋಧರಿಗಾಗಿ ವಿಶೇಷ ಲಾಂಛನವೊಂದನ್ನು ಸ್ಥಾಪಿಸಿತು. ಮರುವರ್ಷ ಅದನ್ನು ಪಡೆದವರಿಗೆ ತಿಂಗಳಿಗೆ 10 ಡಾಲರ್ ಹೆಚ್ಚುವರಿ ವೇತನವೂ ದೊರೆಯತೊಡಗಿತು. ಆದರೆ ಅದೇ ಕಂದಕದಲ್ಲಿ, ಅದೇ ಗುಂಡಿನ ಮಳೆಯಲ್ಲಿ, ಕೈಯಲ್ಲಿ ಬಂದೂಕದ ಬದಲು ಬ್ಯಾಂಡೇಜಿನ ಚೀಲ ಹಿಡಿದು ತೆವಳುತ್ತಿದ್ದ ವೈದ್ಯಕೀಯ ಸಹಾಯಕನಿಗೆ ಅದು ಸಿಗಲಿಲ್ಲ. ಅವನು ಹೋರಾಡುವವನಲ್ಲ ಎಂಬುದೇ ಕಾರಣ! ಕೊಲ್ಲಲು ಹೋದವನ ಎದೆಯ ಮೇಲೆ ಗೌರವ, ಬದುಕಿಸಲು ಹೋದವನಿಗೆ ಬರಿದಾದ ಎದೆ. ಈ ಅಸಮಾನತೆ ಸರಿಯಲ್ಲವೆಂದು ಮನಗಂಡು, 1945ರ ಮಾರ್ಚ್ 1ರಂದು ರಣರಂಗದ ವೈದ್ಯಕೀಯ ಸೇವೆಗೆಂದೇ ಪ್ರತ್ಯೇಕ ಲಾಂಛನವನ್ನು ಜಾರಿಗೆ ತರಲಾಯಿತು. ಆದರೂ ಯಾವ ದಳಕ್ಕೆ ಸೇರಿದ್ದವನು ಅರ್ಹ, ಯಾವ ದಳದವನು ಅನರ್ಹ ಎಂಬ ನಿಯಮಗಳ ಬೇಲಿ ಉಳಿದುಕೊಂಡಿತು. ವಿಯೆಟ್ನಾಂ ಯುದ್ಧದಲ್ಲಿ ಹೆಲಿಕಾಪ್ಟರುಗಳಲ್ಲಿ ಇಳಿದು ಗಾಯಾಳುಗಳನ್ನು ಎತ್ತಿ ತಂದವರು ಈ ಬೇಲಿಯ ಹೊರಗೇ ನಿಂತರು. ಅವರೆಲ್ಲರಿಗೂ ಸಾಮೂಹಿಕವಾಗಿ ಚಿನ್ನದ ಪದಕ ನೀಡುವ ಶಾಸನವು ಬಂದದ್ದು 2024ರಲ್ಲಿ. ಅಷ್ಟರಲ್ಲಿ ಎಷ್ಟು ಜನ ಮಣ್ಣಾಗಿದ್ದರೋ!

ಹೀಗೆ ಕಾದವರಲ್ಲಿ ಒಬ್ಬರ ಹೆಸರನ್ನು ನೀವು ತಿಳಿದಿರಬೇಕು. ವೇವರ್ಲಿ ವುಡ್ಸನ್. ಫಿಲಡೆಲ್ಫಿಯಾ ನಗರದ ಕಪ್ಪುವರ್ಣದ ಯುವಕ. ವೈದ್ಯನಾಗಬೇಕೆಂದು ಓದುತ್ತಿದ್ದವರು ಸೈನ್ಯಕ್ಕೆ ಸೇರಿದರು. 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿಯ ಒಮಾಹಾ ಕಡಲತೀರದಲ್ಲಿ ಮಿತ್ರಪಡೆಗಳು ಇಳಿದಾಗ, ಇಪ್ಪತ್ತೊಂದರ ಹರೆಯದ ವುಡ್ಸನ್ 320ನೆಯ ಬಲೂನು ದಳದ ವೈದ್ಯಕೀಯ ಸಹಾಯಕರಾಗಿ ಅಲ್ಲಿದ್ದರು. ದಡ ಸೇರುವ ಮೊದಲೇ ಅವರ ದೋಣಿ ಸ್ಫೋಟಕ್ಕೆ ಸಿಕ್ಕಿತು. ಸಿಡಿದ ಚೂರುಗಳು ಅವರ ದೇಹವನ್ನು ಹೊಕ್ಕವು. ತಮ್ಮ ಗಾಯವನ್ನು ಕಟ್ಟಿಸಿಕೊಂಡು, ಸುಮಾರು 30 ತಾಸುಗಳ ಕಾಲ ಅವರು ಇತರರ ಗಾಯಗಳನ್ನು ಕಟ್ಟಿದರು. ಗುಂಡುಗಳನ್ನು ಹೊರತೆಗೆದರು, ಮುರಿದ ಅಂಗಗಳನ್ನು ಸರಿಪಡಿಸಿದರು, ನೀರಿನಲ್ಲಿ ಮುಳುಗಿ ಉಸಿರು ನಿಲ್ಲುತ್ತಿದ್ದವರನ್ನು ಬದುಕಿಸಿದರು. ಅವರ ಶುಶ್ರೂಷೆ ಪಡೆದವರು 200ಕ್ಕೂ ಹೆಚ್ಚು ಮಂದಿ. ಕೊನೆಗೆ ತಾವೇ ಕುಸಿದುಬಿದ್ದರು. ಆ ಗಾಯಾಳುಗಳಲ್ಲಿ ಬಿಳಿಯರೆಷ್ಟು, ಕರಿಯರೆಷ್ಟು ಎಂದು ಅವರು ಎಣಿಸಲಿಲ್ಲ. ಅವರ ಸೈನ್ಯ ಮಾತ್ರ ಎಣಿಸುತ್ತಿತ್ತು. ಆ ಕಾಲದ ಅಮೆರಿಕದ ಪಡೆಗಳಲ್ಲಿ ವರ್ಣಭೇದವೇ ಕಾನೂನಾಗಿತ್ತು.

ವುಡ್ಸನ್ನರಿಗೆ ಇನ್ನೂ ಉನ್ನತವಾದ ಗೌರವ ಸಲ್ಲಬೇಕೆಂಬ ಶಿಫಾರಸು ಆಗಲೇ ಇತ್ತೆಂಬುದಕ್ಕೆ 1944ರ ಸರ್ಕಾರಿ ಟಿಪ್ಪಣಿಯೊಂದು ಸಾಕ್ಷಿಯಾಗಿದೆ. ದೇಶದ ಪರಮೋಚ್ಚ ಶೌರ್ಯಪದಕದ ಮಾತೂ ಅದರಲ್ಲಿತ್ತು. ದೊರೆತದ್ದು ಅದಕ್ಕಿಂತ ಬಹಳ ಕೆಳಗಿನ ಕಂಚಿನ ತಾರೆ. ಎರಡನೆಯ ಮಹಾಯುದ್ಧದ ಸೇವೆಗಾಗಿ ಒಬ್ಬನೇ ಒಬ್ಬ ಕಪ್ಪುವರ್ಣದ ಯೋಧನಿಗೂ ಆ ಪರಮೋಚ್ಚ ಪದಕ 1997ರವರೆಗೆ ಸಿಕ್ಕಿರಲಿಲ್ಲ. ಆ ವರ್ಷ ಏಳು ಮಂದಿಗೆ ಕೊಟ್ಟಾಗ, ಅವರಲ್ಲಿ ಜೀವಂತವಾಗಿದ್ದವರು ಒಬ್ಬರು ಮಾತ್ರ. ವುಡ್ಸನ್ ಆ ಏಳು ಮಂದಿಯಲ್ಲಿ ಇರಲಿಲ್ಲ. ಅವರ ವಿಷಯದಲ್ಲಿ ಬೇಕಾದ ದಾಖಲೆಗಳು ಸಿಗಲಿಲ್ಲವೆಂಬುದು ಅಧಿಕಾರಿಗಳ ಉತ್ತರ.

ದಾಖಲೆಗಳು ಎಲ್ಲಿ ಹೋದವು? 1973ರ ಜುಲೈಯಲ್ಲಿ ಸೇಂಟ್ ಲೂಯಿಸ್ ಬಳಿಯ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಬೆಂಕಿ ಬಿತ್ತು. 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷದಷ್ಟು ಕಡತಗಳು ಸುಟ್ಟುಹೋದವು. 1912ರಿಂದ 1960ರ ನಡುವೆ ಸೇವೆಯಿಂದ ಬಿಡುಗಡೆಯಾದ ಭೂಸೇನೆಯ ಸಿಬ್ಬಂದಿಯ ಕಡತಗಳಲ್ಲಿ ನೂರಕ್ಕೆ ಎಂಬತ್ತರಷ್ಟು ನಾಶವಾದವು. ಅವುಗಳ ಇನ್ನೊಂದು ಪ್ರತಿಯನ್ನು ಸರ್ಕಾರ ಇಟ್ಟುಕೊಂಡಿರಲಿಲ್ಲ. ಇಷ್ಟಾದರೂ ತನಗೆ ಸಲ್ಲಬೇಕಾದ ಲಾಂಛನವನ್ನೋ ಪದಕವನ್ನೋ ಕೋರಿ ವೃದ್ಧ ಸೈನಿಕನು ಅರ್ಜಿ ಬರೆದರೆ, ಸಾಬೀತುಪಡಿಸುವ ಹೊರೆ ಅವನ ಮೇಲೆಯೇ ಬೀಳುತ್ತದೆ. ಕಚೇರಿ ಮಾಡಿದ್ದು ಸರಿಯೆಂದು ಮೊದಲೇ ಭಾವಿಸಿಕೊಂಡು ವಿಚಾರಣೆ ನಡೆಯುತ್ತದೆ. ಕಡತವನ್ನು ಕಾಯಬೇಕಾಗಿದ್ದವನು ಸುಟ್ಟುಕೊಂಡ. ಕಾಗದ ತೋರಿಸಬೇಕಾದವನು ಮಾತ್ರ ಗಾಯ ಕಟ್ಟಿದವನು! ಇದು ಯಾವ ನ್ಯಾಯ?

ನಿಯಮಗಳೇ ಬೇಡವೆಂದು ನಾನು ವಾದಿಸುತ್ತಿಲ್ಲ. ಕೇಳಿದವರಿಗೆಲ್ಲ ಪದಕ ಹಂಚಿದರೆ ಪದಕಕ್ಕೆ ಬೆಲೆ ಉಳಿಯದು. ಮಾಡದ ಸಾಹಸವನ್ನು ಮಾಡಿದ್ದೇನೆಂದು ಹೇಳಿಕೊಳ್ಳುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಸಾಕ್ಷ್ಯ ಬೇಕು, ನಿಜ. ಆದರೆ ಸಾಕ್ಷ್ಯವನ್ನು ಹುಡುಕುವ ಕೆಲಸ ಯಾರದು? ದಳದ ದಿನಚರಿಗಳು, ಅಂದಿನ ವರದಿಗಳು, ಅಧಿಕಾರಿಗಳ ಟಿಪ್ಪಣಿಗಳು, ಬದುಕುಳಿದ ಜೊತೆಗಾರರು, ಇವೆಲ್ಲವನ್ನೂ ತಲುಪುವ ಶಕ್ತಿ ಸರ್ಕಾರಕ್ಕಿದೆ. ನಡುಗುವ ಕೈಯಲ್ಲಿ ಪತ್ರ ಬರೆಯುವ ಎಂಬತ್ತರ ಮುದುಕನಿಗಿಲ್ಲ. ಶಕ್ತಿಯಿದ್ದವನು ಕುರ್ಚಿಯಲ್ಲಿ ಕುಳಿತು, ಶಕ್ತಿಯಿಲ್ಲದವನನ್ನು ಅಲೆಸುವುದನ್ನು ಕಾರ್ಯವಿಧಾನವೆಂದು ಕರೆದರೂ ಅದು ಅಲೆಸುವಿಕೆಯೇ.

ವುಡ್ಸನ್ 2005ರಲ್ಲಿ, ತಮ್ಮ 83ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಅವರ ಪತ್ನಿ ಜೋಆನ್ ಸುಮ್ಮನಾಗಲಿಲ್ಲ. ಸಂತ ಲೂಕರ ಶುಭಸಂದೇಶದಲ್ಲಿ ನ್ಯಾಯಾಧೀಶನ ಬಾಗಿಲನ್ನು ಬಿಡದೆ ತಟ್ಟಿದ ವಿಧವೆ ನಿಮಗೆ ನೆನಪಿರಬೇಕು. ಆಕೆಯಂತೆಯೇ ಈ ತಾಯಿಯೂ ತಟ್ಟುತ್ತಲೇ ಇದ್ದರು. ಜನಪ್ರತಿನಿಧಿಗಳು ಜೊತೆಗೂಡಿದರು. 2023ರ ಅಕ್ಟೋಬರಿನಲ್ಲಿ ಪತಿಯ ಸಮಾಧಿಯಿರುವ ಆರ್ಲಿಂಗ್ಟನ್ ಸ್ಮಶಾನದಲ್ಲಿ ಕಂಚಿನ ತಾರೆಯನ್ನೂ ರಣರಂಗದ ವೈದ್ಯಕೀಯ ಲಾಂಛನವನ್ನೂ ಆಕೆಗೆ ಒಪ್ಪಿಸಲಾಯಿತು. 2024ರ ಜೂನ್ ತಿಂಗಳಲ್ಲಿ ದೇಶದ ಎರಡನೆಯ ಅತ್ಯುನ್ನತ ಶೌರ್ಯಪದಕವು ಘೋಷಣೆಯಾಗಿ, ಅದನ್ನು ಅದೇ ಒಮಾಹಾ ತೀರಕ್ಕೆ ಕೊಂಡೊಯ್ದು ಗೌರವ ಸಲ್ಲಿಸಲಾಯಿತು. ಎಂಬತ್ತು ವರ್ಷಗಳ ನಂತರ! ಪತ್ನಿಗೆ ಆಗ ತೊಂಬತ್ತು ದಾಟಿತ್ತು.

ಈಗ ಕೆಲವರು ಕೇಳಬಹುದು: "ತಗಡಿನ ತುಂಡಿಗಾಗಿ ಇಷ್ಟು ಹೋರಾಟವೇಕೆ? ದೇವರು ಬಲ್ಲರಲ್ಲವೇ? ಪರಲೋಕದಲ್ಲಿ ಪ್ರತಿಫಲವಿಲ್ಲವೇ?" ಈ ಪ್ರಶ್ನೆಯಲ್ಲಿ ಭಕ್ತಿ ಕಾಣುತ್ತದೆ, ಆದರೆ ಪವಿತ್ರ ಗ್ರಂಥ ಕಾಣುವುದಿಲ್ಲ. ಹತ್ತು ಮಂದಿ ಕುಷ್ಠರೋಗಿಗಳು ಗುಣಹೊಂದಿ, ಒಬ್ಬನು ಮಾತ್ರ ಹಿಂದಿರುಗಿ ಬಂದಾಗ, ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸುಸ್ವಾಮಿಯೇ ವಿಚಾರಿಸಲಿಲ್ಲವೇ? ಅದು ಅಹಂಕಾರವೇ? ಬೆಥಾನಿಯದಲ್ಲಿ ಸುಗಂಧತೈಲ ಸುರಿದ ಸ್ತ್ರೀಯ ಕಾರ್ಯವು ಶುಭಸಂದೇಶ ಸಾರುವ ಕಡೆಯಲ್ಲೆಲ್ಲ ನೆನೆಯಲ್ಪಡುವುದೆಂದು ಪ್ರಭುವೇ ವಾಗ್ದಾನ ಮಾಡಲಿಲ್ಲವೇ? ಎಸ್ತೇರಳ ಗ್ರಂಥದಲ್ಲಿ, ನಿದ್ದೆ ಬಾರದ ರಾತ್ರಿ ದೊರೆಯು ರಾಜ್ಯದ ದಾಖಲೆಗಳನ್ನು ಓದಿಸಿ, ತನ್ನ ಪ್ರಾಣ ಉಳಿಸಿದ ಮೊರ್ದೆಕೈಗೆ ಯಾವ ಮನ್ನಣೆಯೂ ಸಂದಿಲ್ಲವೆಂದು ತಿಳಿದು, ಬೆಳಗಾಗುತ್ತಲೇ ಆ ಲೋಪವನ್ನು ಸರಿಪಡಿಸಿದನು. ಮೊರ್ದೆಕೈ ಅರ್ಜಿ ಬರೆದಿರಲಿಲ್ಲ. ಹುಡುಕಿದವನು ದೊರೆ.

ಎಲ್ಲಕ್ಕಿಂತ ಮಿಗಿಲಾಗಿ, ಸಂತ ಮತ್ತಾಯರ ಶುಭಸಂದೇಶದ ಅಂತಿಮ ತೀರ್ಪಿನ ಪ್ರಸಂಗವನ್ನು ಮತ್ತೊಮ್ಮೆ ಓದಿರಿ. ಹಸಿದವರಿಗೆ ಉಣಿಸಿದ, ರೋಗಿಗಳನ್ನು ನೋಡಿಕೊಂಡ ಸಜ್ಜನರಿಗೆ ತಾವು ಮಾಡಿದ್ದರ ನೆನಪೇ ಇರುವುದಿಲ್ಲ. ಯಾವಾಗ ಮಾಡಿದೆವೆಂದು ಬೆರಗಾಗುತ್ತಾರೆ. ನೆನಪಿಟ್ಟುಕೊಂಡವರು ಅರಸರು, ಒಂದೊಂದನ್ನೂ ಹೆಸರಿಸಿ ಹೇಳುವವರು ಅರಸರು. ಮರೆಯುವ ಹಕ್ಕು ಸೇವೆ ಮಾಡಿದವನದು. ನೆನೆಯುವ ಕರ್ತವ್ಯ ಸೇವೆ ಪಡೆದವನದು. ನಾವು ಇದನ್ನು ತಿರುಗುಮುರುಗು ಮಾಡಿದ್ದೇವೆ. ಪಡೆದವರು ಮರೆತು ಕುಳಿತಿದ್ದೇವೆ. ಮಾಡಿದವನು ತನ್ನ ಸೇವೆಯನ್ನು ದಿನಾಂಕ ಸಹಿತ ನೆನಪಿಟ್ಟುಕೊಂಡು, ಮೂರು ಪ್ರತಿಗಳಲ್ಲಿ ಬರೆದು, ನಮ್ಮ ಮುಂದೆ ನಿಲ್ಲಬೇಕಾಗಿದೆ. ಅವನು ಕೇಳಿದನೆಂಬುದು ನಮಗೆ ಅವನ ದೋಷವಾಗಿ ಕಾಣುತ್ತದೆ. ಕೇಳುವಂತೆ ಮಾಡಿದವರು ನಾವೆಂಬುದು ಕಾಣುವುದಿಲ್ಲ.

ಅಮೆರಿಕದ ಸೈನ್ಯದ ಮಾತು ನಮ್ಮ ಧರ್ಮಕೇಂದ್ರಕ್ಕೇಕೆ ಎಂದು ಯಾರಾದರೂ ಅಂದಾರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ಹುಟ್ಟಿದ್ದು ಅಮೆರಿಕದಲ್ಲಲ್ಲ. ನಮ್ಮ ವಾರ್ಷಿಕ ಹಬ್ಬಗಳ ವೇದಿಕೆಯನ್ನೊಮ್ಮೆ ಕಣ್ಮುಂದೆ ತಂದುಕೊಳ್ಳಿರಿ. ದೇವಾಲಯಕ್ಕೆ ಕಮಾನು ಕಟ್ಟಿಸಿಕೊಟ್ಟವರಿಗೆ ಶಾಲು, ಹಾರ, ಫಲಪುಷ್ಪ. ಅವರ ಹೆಸರು ಅಮೃತಶಿಲೆಯ ಮೇಲೆಯೂ ಇರುತ್ತದೆ. ಸಂತೋಷ. ಆದರೆ ಸಾಂಕ್ರಾಮಿಕದ ದಿನಗಳಲ್ಲಿ, 2020ರಲ್ಲಿ ಮತ್ತು 2021ರಲ್ಲಿ, ಮನೆಗೆ ಬಾರದೆ ವಾರ್ಡುಗಳಲ್ಲಿಯೇ ಉಳಿದು ದುಡಿದ ನರ್ಸು ಹೆಣ್ಣುಮಗಳು ಅದೇ ಸಭೆಯ ಕೊನೆಯ ಸಾಲಿನಲ್ಲಿ ನಿಂತಿರುತ್ತಾಳೆ. ಮೂವತ್ತು ವರ್ಷ ಹಳ್ಳಿಯ ಔಷಧಾಲಯ ನಡೆಸಿ ನಿವೃತ್ತರಾದ ಧರ್ಮಭಗಿನಿಯ ಹೆಸರು ಹೊಸ ತಲೆಮಾರಿಗೆ ಗೊತ್ತಿರುವುದಿಲ್ಲ. ತಪ್ಪಿ ಅವರಲ್ಲಿ ಯಾರಾದರೂ ಬಾಕಿ ಸಂಬಳವನ್ನೋ ಸೇವಾಪ್ರಮಾಣಪತ್ರವನ್ನೋ ಕೇಳಿದರೆ, "ಇದು ಸೇವೆಯಲ್ಲವೇ?" ಎಂಬ ಪ್ರವಚನ ಸಿದ್ಧವಾಗಿರುತ್ತದೆ. ಆ ಪ್ರವಚನವನ್ನು ನಿಲ್ಲಿಸಬೇಕಾದ ಕಾಲ ಬಂದಿದೆ.

ಆದುದರಿಂದ, ಪ್ರಿಯ ಕುಟುಂಬಗಳೇ, ನಿಮ್ಮಲ್ಲಿ ನನ್ನ ಬಿನ್ನಹವಿಷ್ಟು. ನಿಮ್ಮ ಧರ್ಮಕೇಂದ್ರದಲ್ಲಿ ರೋಗಿಗಳ ಸೇವೆ ಮಾಡಿದವರ ಹೆಸರುಗಳನ್ನು ಅವರು ಕೇಳುವ ಮೊದಲೇ ಬರೆದಿಡಿರಿ. ಯಾವ ವರ್ಷ, ಯಾವ ಊರು, ಯಾವ ಸೇವೆ ಎಂಬುದೂ ಅದರಲ್ಲಿರಲಿ; ಎರಡು ಪ್ರತಿ ಮಾಡಿ ಎರಡು ಕಡೆ ಇಡಿರಿ. ಯಾರಿಗಾದರೂ ಬರಬೇಕಾದದ್ದು ಬಾಕಿಯಿದ್ದರೆ, ಅವರನ್ನು ಅಲೆಸದೆ ನೀವೇ ಅವರ ಪರವಾಗಿ ಕಚೇರಿಗೆ ಹೋಗಿರಿ. ಇದೆಲ್ಲವನ್ನೂ ಅವರು ಬದುಕಿರುವಾಗಲೇ ಮಾಡಿರಿ. ಸಮಾಧಿಯ ಮೇಲೆ ಇಟ್ಟ ಪದಕವನ್ನು ವುಡ್ಸನ್ ಕಾಣಲಿಲ್ಲ. ಶವಪೆಟ್ಟಿಗೆಯ ಮೇಲೆ ನಾವಿಡುವ ಹಾರವನ್ನು ನಮ್ಮ ನರ್ಸಮ್ಮನೂ ಕಾಣಲಾರಳು.