‘ಯಾಕಕ್ಕ, ಅವರಿಗೇನಾಯ್ತು?’

ಕಳೆದ ಭಾನುವಾರ ಮಧ್ಯಾಹ್ನ ತುಮಕೂರಿನಿಂದ ಗುಬ್ಬಿಗೆ ಹೊರಟ ಬಸ್ಸು. ಮುಂದಿನ ಸೀಟಿನಲ್ಲಿ ಆರಾಧನೆ ಮುಗಿಸಿ ಬಂದ ಇಬ್ಬರು ಹೆಂಗಸರು, ಮಡಿಲಲ್ಲಿ ಬೈಬಲ್ ಚೀಲ. ಹೆಗ್ಗೆರೆ ದಾಟುವಷ್ಟರಲ್ಲಿ ಮೊಣಕಾಲು ನೋವು, ಸೈಟಿನ ಖಾತೆ, ಮಗನ ಕೆಲಸ ಎಲ್ಲಕ್ಕೂ ಪ್ರಾರ್ಥನೆಯ ಒಪ್ಪಂದ ಆಗಿಹೋಯಿತು. ಆಮೇಲೆ ಹಿರಿಯಾಕೆ, ‘ಕುಣಿಗಲ್ ಅಕ್ಕನ ಭಕ್ತಿವೃದ್ಧಿಗೂ ಒಂದು ಮಾತು ಪ್ರಾರ್ಥನೆ ಮಾಡಮ್ಮ’ ಎಂದರು. ಕಿರಿಯಾಕೆಗೆ ಗಾಬರಿ: ‘ಯಾಕಕ್ಕ, ಅವರಿಗೇನಾಯ್ತು?’

ಮೊಣಕಾಲಿಗೆ ಏಳದ ಗಾಬರಿ ಭಕ್ತಿವೃದ್ಧಿಗೆ ಯಾಕೆ ಎದ್ದಿತು? ತಪ್ಪು ಪದದ್ದೇ ಇರಬೇಕು ಅಂದುಕೊಂಡೆ. ‘ಸಭೆ’ ಎಂಬ ಒಂದೇ ಪದದ ಮೇಲೆ ನಾನು ಎರಡು ವಾರ ಕೊರೆದದ್ದನ್ನು ಮರೆಯದ ಓದುಗರು ಇಷ್ಟಕ್ಕೇ ಪುಟ ತಿರುವಿದರೂ ಬೇಸರವಿಲ್ಲ.

ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೇ ಅಧ್ಯಾಯದಲ್ಲಿ ಭಕ್ತಿವೃದ್ಧಿ ಮತ್ತೆ ಮತ್ತೆ ಬರುತ್ತದೆ. ಪೌಲನ ಗ್ರೀಕ್ ಮಾತು ‘ಒಯ್ಕೊದೊಮೆ’, ಅಂದರೆ ಮನೆ ಕಟ್ಟುವುದು. ಅಪ್ಪಟ ಗಾರೆಕೆಲಸದ ಮಾತು. ಕನ್ನಡಕ್ಕೆ ತಂದವರು ಇಟ್ಟಿಗೆ, ಗಾರೆ ಕೆಳಗಿಟ್ಟು ಭಕ್ತಿಯನ್ನು ಹಿಡಿದುಕೊಂಡರು. ನಷ್ಟವಾಯಿತು, ನಿಜ. ಮನೆ ಏಳಲು ಹತ್ತಾರು ಕೈ ಬೇಕು. ಭಕ್ತಿಯೋ ಒಬ್ಬೊಬ್ಬರ ಎದೆಯೊಳಗಿನ ಗುಟ್ಟು. ಆದರೆ ಲಾಭವನ್ನೂ ನೋಡಿ. ಥಾಮಸ್ ಹಾಡ್ಸನ್ 1837ರಲ್ಲಿ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ ತೆರೆದಾಗ, ಬಳ್ಳಾರಿಯ ಜಾನ್ ಹ್ಯಾಂಡ್ಸ್ ಶ್ರಮದಿಂದ ಇಡೀ ಬೈಬಲ್ ಕನ್ನಡಕ್ಕೆ ಬಂದು ಆರು ವರ್ಷವಾಗಿತ್ತು. ಅದನ್ನು ಕೇಳಬೇಕಾದ ಕಿವಿಗಳು ಎಂಥವು? ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗರ ಗದ್ದುಗೆ. ‘ಷಟ್‌ಸ್ಥಲ ಜ್ಞಾನಸಾರಾಮೃತ’ ಅವರದು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂದು ಭಕ್ತಿ ಮೆಟ್ಟಿಲೇರುತ್ತದೆ ಎಂಬುದು ಈ ಸೀಮೆಗೆ ಹೊಸ ಪಾಠವಾಗಿರಲಿಲ್ಲ. ಅನುವಾದಕರು ಪದವನ್ನು ಅಲ್ಲಿಂದಲೇ ಎತ್ತಿದರು ಎಂದು ನಾನು ವಾದಿಸುವುದಿಲ್ಲ. ಇಂಥ ಪದವನ್ನು ಬಿಟ್ಟು, ಈಗಿನ ಕರಪತ್ರಗಳು ‘ಸ್ಪಿರಿಚುವಲ್ ಗ್ರೋತ್’ ಎಂದು ಕನ್ನಡ ಲಿಪಿಯಲ್ಲಿ ಅಚ್ಚು ಹಾಕುವುದನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ.

ಇಷ್ಟೆಲ್ಲ ಬರೆದುಕೊಂಡ ಮೇಲೆ ಕೊಲೊಸ್ಸೆಯವರಿಗೆ ಬರೆದ ಪತ್ರ ತೆಗೆದೆ. ನನ್ನ ಪಾಂಡಿತ್ಯ ದಾರಿ ತಪ್ಪಿದ್ದು ಆಗ ಗೊತ್ತಾಯಿತು. ಪದ ಏನೂ ತಪ್ಪು ಮಾಡಿರಲಿಲ್ಲ.

ಪೌಲ ಸೆರೆಯಲ್ಲಿದ್ದ. ಕೊಲೊಸ್ಸೆಯವರ ಮುಖವನ್ನೂ ಕಂಡವನಲ್ಲ. ಅವರ ನಂಬಿಕೆ, ಪ್ರೀತಿಯ ಸುದ್ದಿಯನ್ನು ಎಪಫ್ರ ತಂದು ಮುಟ್ಟಿಸಿದ್ದ. ಆ ಒಳ್ಳೆಯ ಸುದ್ದಿ ಕಿವಿಗೆ ಬಿದ್ದ ದಿನದಿಂದಲೇ ಅವರ ತಿಳಿವಳಿಕೆ ಹೆಚ್ಚಲಿ ಎಂದು ಬಿಡದೆ ಪ್ರಾರ್ಥಿಸುತ್ತಿದ್ದೇನೆ ಎನ್ನುತ್ತಾನೆ. ಮೊದಲು ಸ್ತೋತ್ರ, ಆಮೇಲೆ ಬೇಡಿಕೆ. ಅವನು ಬೇಡುತ್ತಿದ್ದುದು ಚೆನ್ನಾಗಿ ನಡೆಯುತ್ತಿದ್ದವರಿಗಾಗಿ.

ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಇದು ತಲೆಕೆಳಗಾಗಿದೆ. ಆರಾಧನೆಗೆ ಬಾರದವನು, ಕುಡಿತಕ್ಕೆ ಬಿದ್ದವನು, ಅತ್ತೆಯೊಡನೆ ಜಗಳವಾಡಿದವಳು: ಭಕ್ತಿವೃದ್ಧಿಯ ಪಟ್ಟಿಗೆ ಸೇರುವವರು ಇವರೇ. ಕಣ್ಣು ಮುಚ್ಚಿ ಹೇಳಿದ ಮಾತ್ರಕ್ಕೆ ಚಾಡಿ ವಿಜ್ಞಾಪನೆಯಾಗುವುದಿಲ್ಲ. ಆ ಕಿರಿಯಾಕೆ ಗಾಬರಿಯಾದದ್ದರಲ್ಲಿ ತಪ್ಪೇನಿದೆ?

ಬಸ್ಸು ಗುಬ್ಬಿ ತಲುಪುವ ಮುಂಚೆ ಹಿರಿಯಾಕೆ ಉತ್ತರ ಕೊಟ್ಟರು: ‘ಏನೂ ಆಗಿಲ್ಲ ಕಣಮ್ಮ, ಚೆನ್ನಾಗವ್ಳೆ. ಅದಕ್ಕೇ.’

ಅದೇ ಪತ್ರದ ಕೊನೆಯ ಅಧ್ಯಾಯದಲ್ಲಿ ಪೌಲ ತನಗಾಗಿಯೂ ಪ್ರಾರ್ಥಿಸಿರೆಂದು ಕೊಲೊಸ್ಸೆಯವರನ್ನೇ ಕೇಳಿಕೊಳ್ಳುತ್ತಾನೆ. ತೆರೆಯಲಿ ಎಂದು ಅವನು ಬೇಡಿದ್ದು ವಾಕ್ಯಕ್ಕೆ ಬಾಗಿಲು. ಸೆರೆಮನೆಯ ಬಾಗಿಲಿನ ಮಾತನ್ನೇ ಎತ್ತಲಿಲ್ಲ.