ಗುದ್ದಿನ ಬಲವನ್ನು ನಾಕೌಟ್ ಎಣಿಸಿ ಹೇಳಬಹುದೇ?



ಕಝಾಕಿಸ್ತಾನದ ಗೆನ್ನಾಡಿ ಗೊಲೊವ್ಕಿನ್ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಪದಕ ಗೆದ್ದ ಬಾಕ್ಸರ್. ಆಮೇಲೆ ವೃತ್ತಿಪರರಾಗಿ ಮಿಡ್ಲ್‌ವೇಟ್ ವಿಭಾಗದಲ್ಲಿ, ಅಂದರೆ ಸುಮಾರು 72.5 ಕಿಲೋ ಮಿತಿಯೊಳಗಿನವರಲ್ಲಿ, ವಿಶ್ವ ಚಾಂಪಿಯನ್ ಆದರು. ಅವರ ಗುದ್ದು ಎಷ್ಟು ಜೋರು ಅಂತ ಕೇಳಿದರೆ ಅಭಿಮಾನಿಗಳು ಥಟ್ಟನೆ ಲೆಕ್ಕ ಒಪ್ಪಿಸುತ್ತಾರೆ: 42 ಗೆಲುವು, ಅದರಲ್ಲಿ 37 ನಾಕೌಟ್, ಶೇಕಡಾ 88! ಲೆಕ್ಕ ಸರಿ. ಆದರೆ ಇದು ಬಲದ ಅಳತೆಯಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ಶೇಕಡಾವನ್ನೇ ನೋಡೋಣ. ಎರಡು ಸೋಲು, ಒಂದು ಡ್ರಾ ಸೇರಿಸಿದರೆ ಪಂದ್ಯಗಳು 45. ಆಗ 37 ಅಂದರೆ ಶೇಕಡಾ 82. ಛೇದ ಬದಲಾಯಿತು, ಉತ್ತರವೂ ಬದಲಾಯಿತು; ಮುಷ್ಟಿ ಮಾತ್ರ ಅದೇ. ಇನ್ನೊಂದು ವಿಷಯ: ಎದುರಾಳಿ ಬೀಳದೆ ನಿಂತಿರುವಾಗಲೇ ರೆಫರಿ ಪಂದ್ಯ ನಿಲ್ಲಿಸಿದರೂ ಅದು ನಾಕೌಟ್ ಲೆಕ್ಕಕ್ಕೇ ಸೇರುತ್ತದೆ.

ಈಗ ಮೂರು ಪಂದ್ಯ ನೋಡಿ. 2017ರ ಸೆಪ್ಟೆಂಬರಿನಲ್ಲಿ ಗೊಲೊವ್ಕಿನ್ ಮೆಕ್ಸಿಕೋದ ಕನೆಲೊ ಆಲ್ವರೆಜ್ ಜೊತೆ 12 ರೌಂಡ್ ಆಡಿದರು. ಆಲ್ವರೆಜ್ ಒಮ್ಮೆಯೂ ಬೀಳಲಿಲ್ಲ. 2018ರ ಮೇ ತಿಂಗಳಲ್ಲಿ ವಾನೆಸ್ ಮಾರ್ಟಿರೋಸ್ಯಾನ್ ಎರಡನೇ ರೌಂಡಿನಲ್ಲೇ ನಾಕೌಟ್ ಆದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮತ್ತೆ ಆಲ್ವರೆಜ್, ಮತ್ತೆ 12 ರೌಂಡ್, ಮತ್ತೆ ಬೀಳಲಿಲ್ಲ. ಒಂದು ವರ್ಷದಲ್ಲಿ ಗೊಲೊವ್ಕಿನ್ ಬಲ ಇಳಿದು, ಏರಿ, ಪುನಃ ಇಳಿಯಿತೇ? ನನಗೆ ಹಾಗನಿಸುವುದಿಲ್ಲ. ಇಲ್ಲಿ ಎದ್ದು ಕಾಣುವಂತೆ ಬದಲಾದದ್ದು ಎದುರಾಳಿ.

ಕಾರಣ ನಿಮ್ಮ ಭೌತವಿಜ್ಞಾನ ಪಾಠದಲ್ಲೇ ಇದೆ. ಗುದ್ದು ಕೈಯಿಂದ ಮಾತ್ರ ಬರುವುದಿಲ್ಲ. ಕಾಲು ನೆಲವನ್ನು ಒತ್ತುತ್ತದೆ, ಸೊಂಟ ತಿರುಗುತ್ತದೆ, ಭುಜ ಮುಂದೆ ಬರುತ್ತದೆ. ಹೀಗೆ ಮುಷ್ಟಿಯ ಹಿಂದೆ 3 ಕಿಲೋ ದ್ರವ್ಯರಾಶಿ, ಸೆಕೆಂಡಿಗೆ 8 ಮೀಟರ್ ವೇಗ ಇದೆ ಎಂದಿಟ್ಟುಕೊಳ್ಳಿ. ಸಂವೇಗ 24. ಅದು 0.01 ಸೆಕೆಂಡಿನಲ್ಲಿ ನಿಂತರೆ ಸರಾಸರಿ ಬಲ 2400 ನ್ಯೂಟನ್. ಎದುರಾಳಿ ಗುದ್ದಿನ ಜೊತೆಗೇ ತಲೆಯನ್ನು ಹಿಂದಕ್ಕೆ ಸರಿಸಿದರೆ? ನಿಲ್ಲಲು 0.02 ಸೆಕೆಂಡ್ ಬೇಕಾಯಿತು ಅನ್ನಿ, ಬಲ 1200ಕ್ಕೆ ಇಳಿಯಿತು. ಕ್ರಿಕೆಟ್ ಚೆಂಡು ಹಿಡಿಯುವಾಗ ನೀವು ಕೈ ಹಿಂದಕ್ಕೆ ಎಳೆದುಕೊಳ್ಳುವುದೂ ಇದಕ್ಕೇ ತಾನೇ?

ಹಾಗಾದರೆ ಗೊಲೊವ್ಕಿನ್ ಬಲ ಸುಳ್ಳೇ? ಅಲ್ಲ. ಸತತ 23 ನಾಕೌಟ್ ಬರೀ ಅದೃಷ್ಟದಿಂದ ಆಗುವಂಥದ್ದಲ್ಲ. ಆದರೆ ಅದರಲ್ಲಿ ಬಲದ ಜೊತೆ ಗುರಿ, ಸಮಯ, ಎದುರಾಳಿಯ ದೌರ್ಬಲ್ಯ ಎಲ್ಲವೂ ಬೆರೆತಿವೆ. ಬಲವನ್ನೇ ಅಳೆಯಬೇಕಾದರೆ ಉಳಿದದ್ದು ಬದಲಾಗಬಾರದು: ಒಂದೇ ಚೀಲ, ಒಂದೇ ಗ್ಲೌಸ್, ಒಳಗೊಂದು ಸೆನ್ಸರ್, ಹಲವು ಗುದ್ದು.

ಎದುರಾಳಿಯನ್ನು ಮರೆತು ಎಣಿಸುವುದರಲ್ಲಿ ಇನ್ನೂ ದೊಡ್ಡ ತಪ್ಪಿದೆ. ಗಲ್ಲಕ್ಕೆ ಬಿದ್ದ ಗುದ್ದು ತಲೆಯನ್ನು ಸರಕ್ಕನೆ ತಿರುಗಿಸುತ್ತದೆ. ಒಳಗಿನ ಮೆದುಳು ಅಲುಗಾಡಿ ಅದರ ನರತಂತುಗಳು ಜಗ್ಗುತ್ತವೆ. ಪ್ರಜ್ಞೆ ತಪ್ಪುವುದು ಅಂದರೆ ಮೆದುಳಿಗೆ ಪೆಟ್ಟಾಗಿದೆ ಎಂದೇ ಅರ್ಥ. ಮೇಲೆದ್ದು ನಿಂತ ಮಾತ್ರಕ್ಕೆ ಅದು ವಾಸಿಯಾಗಿರುವುದಿಲ್ಲ. ಅಭಿಮಾನಿಗಳು ಅಂಕಿಯಾಗಿ ಎಣಿಸುವ ಕೆಲವು ನಾಕೌಟ್‌ಗಳು ಹೀಗೆ ಇನ್ನೊಬ್ಬರ ತಲೆಯೊಳಗಿನ ಗಾಯಗಳು.

ಆಟದ ಬಯಲಿನಲ್ಲಿ 'ಯಾರ ಗುದ್ದು ಜೋರು ನೋಡೋಣ' ಅನ್ನುವವರಿಗೂ ಇದೇ ಮಾತು. ಬಲ ಅಳೆಯಬೇಕಿದ್ದರೆ ಮರಳಿನ ಚೀಲಕ್ಕೆ ಗುದ್ದಿ. ಚೀಲಕ್ಕೆ ಮೆದುಳಿಲ್ಲ, ಗೆಳೆಯನಿಗಿದೆ.